ಲೇಟೆಸ್ಟ್ ಪೈಥಾನ್ ಎಂಬ ಭ್ರಮೆ

"ಲೇಟೆಸ್ಟೇ ಹಾಕಿದ್ದೆ ಸರ್, ಆರೂ ಆತಿಲ್ಲ."

ಪ್ರಾಜೆಕ್ಟ್ ಸಲ್ಲಿಸುವ ದಿನ ಹತ್ತಿರ ಬಂತೆಂದರೆ ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಇಂಜಿನಿಯರಿಂಗ್ ಹುಡುಗರ ಫೋನು ಶುರು. ಮ್ಯಾಟ್‌ಲ್ಯಾಬ್‌ನೊಳಗಿಂದ ಪೈಥಾನ್ ಓಡಿಸಬೇಕು, ಓಡುತ್ತಿಲ್ಲ. ಲೇಟೆಸ್ಟ್ ಹಾಕಿದ್ದಕ್ಕೇ ಓಡುತ್ತಿಲ್ಲ ಮಾರಾಯ್ರೆ!

ಮ್ಯಾಟ್‌ಲ್ಯಾಬ್‌ನ ಒಂದೊಂದು ಆವೃತ್ತಿಗೂ ಹೊಂದುವ ಪೈಥಾನ್‌ಗಳು ಬೆರಳೆಣಿಕೆಯವು. ಆರ್2023ಬಿಗೆ 3.9, 3.10, 3.11 ಮಾತ್ರ ಆಗುತ್ತವೆ. ಅದು ಹೊರಬಂದದ್ದು 2023ರ ಸೆಪ್ಟೆಂಬರಿನಲ್ಲಿ, ಪೈಥಾನ್ 3.12 ಬಂದದ್ದು ಅಕ್ಟೋಬರಿನಲ್ಲಿ. ತನ್ನ ನಂತರ ಹುಟ್ಟಿದ್ದರ ಒಳಹೊರಗು ಅದಕ್ಕೆ ಗೊತ್ತಿರುವುದಾದರೂ ಹೇಗೆ? ಸಾಮಾನ್ಯವಾಗಿ ಮ್ಯಾಟ್‌ಲ್ಯಾಬ್ ಪೈಥಾನ್‌ನ ಡಿಎಲ್‌ಎಲ್ ಕಡತವನ್ನೇ ತನ್ನೊಳಗೆ ಎಳೆದುಕೊಂಡು ಕೆಲಸ ಮಾಡಿಸುತ್ತದೆ. ಆ ಕಡತ 3.11ಕ್ಕೇ ಬೇರೆ, 3.12ಕ್ಕೇ ಬೇರೆ. ಗಂಗೊಳ್ಳಿ ಬಂದರಿನಲ್ಲಿ ದೋಣಿಯ ಬಿಡಿಭಾಗ ಕೇಳಲು ಹೋದವರು ಮೊದಲು ಎಂಜಿನ್ನಿನ ಮಾಡೆಲ್ ಹೇಳುತ್ತಾರೆ, "ಹೊಸದು ಯಾವುದಿದೆ, ಅದು ಕೊಡಿ" ಎನ್ನುವುದಿಲ್ಲ. ಕಂಪ್ಯೂಟರ್ ಮುಂದೆ ಕುಳಿತರೆ ಮಾತ್ರ ಈ ಬುದ್ಧಿ ಎಲ್ಲಿ ಹೋಗುತ್ತದೋ.

ಹಾಗೆಂದು ಹೊಸದನ್ನು ಕಿತ್ತುಹಾಕಬೇಕಿಲ್ಲ. 3.11 ಮತ್ತು 3.13 ಒಂದೇ ಕಂಪ್ಯೂಟರಿನಲ್ಲಿ ಜಗಳವಿಲ್ಲದೆ ಇರುತ್ತವೆ. ಮ್ಯಾಟ್‌ಲ್ಯಾಬ್‌ನ ಪೈಎನ್‌ವ್ ಎಂಬ ಆದೇಶಕ್ಕೆ ಬೇಕಾದ ಪೈಥಾನ್ ಕಡತ ಎಲ್ಲಿದೆ ಎಂದು ಪೂರ್ತಿ ದಾರಿ ಕೊಟ್ಟರೆ ಮುಗಿಯಿತು. ಬೇರೊಂದು ಪೈಥಾನ್ ಆಗಲೇ ಒಳಗೆ ಬಂದು ಕೂತಿದ್ದರೆ ಮ್ಯಾಟ್‌ಲ್ಯಾಬ್ ಮುಚ್ಚಿ ತೆರೆದು ಆಮೇಲೆ ಬದಲಿಸಬೇಕು. ಮೈಕ್ರೋಸಾಫ್ಟ್ ಸ್ಟೋರಿನಿಂದ ಇಳಿಸಿದ ಪೈಥಾನ್ ಆಗುವುದಿಲ್ಲ, ಪೈಥಾನ್ ಡಾಟ್ ಆರ್ಗ್‌ನಿಂದಲೇ ತನ್ನಿ.

ಪೈಎನ್‌ವ್ ಹೊಡೆದಾಗ ಸ್ಟೇಟಸ್ ಎದುರು 'ನಾಟ್ ಲೋಡೆಡ್' ಎಂದು ಕಂಡರೆ ಗಾಬರಿಯಾಗಿ ಎಲ್ಲವನ್ನೂ ಮತ್ತೆ ಹಾಕುವವರಿದ್ದಾರೆ. ಅದು ದೋಷವಲ್ಲ, ನೀವು ಮೊದಲ ಸಲ ಕರೆಯುವವರೆಗೆ ಪೈಥಾನ್ ಒಳಗೆ ಬರುವುದೇ ಇಲ್ಲ. ಬಂದಮೇಲೆ ಪೂರ್ಣಾಂಕವನ್ನೇ ಕೇಳುವ ಪೈ ಡಾಟ್ ರೇಂಜ್‌ಗೆ ಬರೀ 5 ಕೊಟ್ಟು, ಪೈಥಾನ್‌ನಿಂದ ಬೈಸಿಕೊಂಡು, ಸೆಟಪ್ಪೇ ಸರಿಯಿಲ್ಲ ಎನ್ನುವವರು ಬೇರೆ. ಮ್ಯಾಟ್‌ಲ್ಯಾಬ್‌ನಲ್ಲಿ ಬರೀ 5 ಎಂದರೆ ದಶಮಾಂಶದ ಡಬಲ್. ಪೂರ್ಣಾಂಕ ಬೇಕಾದ ಕಡೆ ಇಂಟ್32 ಎಂದು ಹೇಳಿಯೇ ಕೊಡಬೇಕು.

ಇಷ್ಟೂ ಮ್ಯಾಟ್‌ಲ್ಯಾಬ್ ತಯಾರಿಸುವ ಮ್ಯಾಥ್‌ವರ್ಕ್ಸ್‌ನವರ ಪುಟದಲ್ಲೇ ಇದೆ, ಯಾವ ಆವೃತ್ತಿಗೆ ಯಾವುದು ಎಂಬ ಪಟ್ಟಿಯ ಸಮೇತ. ಅದನ್ನು ಓದುವ ತಾಳ್ಮೆ ಯಾರಿಗೂ ಇಲ್ಲ. ಐದು ವರ್ಷ ಹಿಂದಿನ ವಿಡಿಯೊದಲ್ಲಿ ಯಾರೋ ಒತ್ತಿದ ಗುಂಡಿಗಳನ್ನು ಅದೇ ಕ್ರಮದಲ್ಲಿ ಒತ್ತುವುದು, ಆಗದಿದ್ದರೆ ತೆಗೆದು ಮತ್ತೆ ಹಾಕುವುದು, ಅದಕ್ಕೂ ಆಗದಿದ್ದರೆ ವಿಂಡೋಸನ್ನೇ ಹೊಸದಾಗಿ ಹಾಕುವುದು. ಇಂಜಿನಿಯರಿಂಗ್ ಓದುವವರೇ ಹೀಗೆ ಹರಕೆ ಹೊತ್ತವರಂತೆ ನಂಬಿದರೆ, ವಾಟ್ಸಾಪಿನಲ್ಲಿ ಬಂದದ್ದನ್ನೆಲ್ಲ ನಂಬುವ ಅಜ್ಜನನ್ನು ನೋಡಿ ನಗುವುದು ಯಾವ ಮುಖದಿಂದ?

ಇನ್ನು ಫೋನು ಮಾಡುವವರು ದಯವಿಟ್ಟು ಮೊದಲು ಪೈಎನ್‌ವ್ ಎಂದು ಟೈಪ್ ಮಾಡಿ, ಪರದೆಯ ಮೇಲೆ ಬಂದ ಎಲ್ಲ ಸಾಲುಗಳ ಫೋಟೊ ಕಳಿಸಿ. ಜೊತೆಗೆ ನಿಮ್ಮ ಮ್ಯಾಟ್‌ಲ್ಯಾಬ್ ಯಾವ ವರ್ಷದ್ದೆಂದೂ ಹೇಳಿ.