ಹಾಡು ಕೇಳೋಣ, ಇಂಗ್ಲಿಷ್ ಪದ ಕಲಿಯೋಣ

ಶಿವಮೊಗ್ಗದ ಸವಳಂಗ ರಸ್ತೆ ನಮಗೆಲ್ಲ ಗೊತ್ತು. ಅಲ್ಲಿ ಅಂಗಡಿ ಇದೆ, ಆಸ್ಪತ್ರೆ ಇದೆ, ಕಾಲೇಜು ಇದೆ. ಬೋರ್ಡಿನ ಮೇಲಿನ ಕನ್ನಡ ಅಕ್ಷರಗಳನ್ನು ನಾವೀಗ ಓದುತ್ತೇವೆ. ಆದರೆ ಎಷ್ಟೋ ಪದಗಳು ಇಂಗ್ಲಿಷಿನವು. ಓದಲು ಬರುತ್ತದೆ, ಅರ್ಥ ತಿಳಿಯದು.

ಔಷಧಿ ಅಂಗಡಿಯಲ್ಲಿ, "ಮಾರ್ನಿಂಗ್ ಒಂದು, ನೈಟ್ ಒಂದು" ಅಂತಾರೆ. ನಾವು ತಲೆ ಆಡಿಸಿ ಬರ್ತೀವಿ. ಮನೆಗೆ ಬಂದ ಮೇಲೆ ಅನುಮಾನ. ಮಾತ್ರೆ ತಪ್ಪಿದರೆ ತೊಂದರೆ ಯಾರಿಗೆ? ನಮಗೇ.

ಹಾಗಾದರೆ ಕಲಿಯೋದು ಹೇಗೆ? ಒಂದು ಸುಲಭ ದಾರಿ ಇದೆ. ಅದೇ ಹಾಡು.

ಡಾ. ರಾಜ್‌ಕುಮಾರ್ ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ನಾಟಕ ಕಂಪನಿ ಸೇರಿದವರು. ಆದರೂ 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್' ಚಿತ್ರಕ್ಕೆ ಒಂದು ಇಂಗ್ಲಿಷ್ ಹಾಡು ಹಾಡಿದರು. ಸಂಗೀತ ಜಿ.ಕೆ. ವೆಂಕಟೇಶ್ ಅವರದು. ಇಂಗ್ಲಿಷ್ ಬಾರದ ಜನರೂ ಅದನ್ನು ಗುನುಗಿದರು. ಆ ಹಾಡಿನಲ್ಲಿ ಟುಡೇ, ಟುಮಾರೊ, ಲೇಟ್, ಟೈಮ್ ಎಂಬ ಪದಗಳು ಬರುತ್ತವೆ. ಟುಡೇ ಅಂದರೆ ಇವತ್ತು. ಟುಮಾರೊ ಅಂದರೆ ನಾಳೆ. ಲೇಟ್, ಟೈಮ್ ನಮ್ಮ ಬಾಯಲ್ಲಿ ಆಗಲೇ ಇವೆ. "ಬಸ್ಸು ಲೇಟಾಯ್ತು" ಅನ್ನೋದಿಲ್ಲವೇ?

ಹಾಡಿನ ಪದ ಬೇಗ ಮರೆಯುವುದಿಲ್ಲ. ಯಾಕೆ? ಪಲ್ಲವಿ ಮತ್ತೆ ಮತ್ತೆ ಬರುತ್ತದೆ. ರಾಗ ಪದವನ್ನು ನೆನಪಿಗೆ ತರುತ್ತದೆ. ಬೀಸುವ ಪದ, ನಾಟಿ ಪದ ನಮ್ಮ ಹಿರಿಯರ ನಾಲಿಗೆಯಲ್ಲಿ ಉಳಿದದ್ದೂ ಹೀಗೇ.

ನಾವು ಹೀಗೆ ಮಾಡೋಣ:

1. ರೇಡಿಯೊದಲ್ಲೋ ಮೊಬೈಲಿನಲ್ಲೋ ಹಾಡು ಕೇಳೋಣ. ಅದರಲ್ಲಿ ಬರುವ ಒಂದು ಇಂಗ್ಲಿಷ್ ಪದ ಹಿಡಿಯೋಣ.
2. ಅದನ್ನು ಕನ್ನಡ ಅಕ್ಷರದಲ್ಲಿ ಬರೆಯೋಣ.
3. ಶಾಲೆಗೆ ಹೋಗುವ ಮಗನನ್ನೋ ಮಗಳನ್ನೋ ಅರ್ಥ ಕೇಳೋಣ. ನಾಚಿಕೆ ಬೇಡ.
4. ಆ ಪದ ಸೇರಿಸಿ ನಮ್ಮದೇ ಒಂದು ಮಾತು ಆಡೋಣ. ರಸ್ತೆಯ ಬೋರ್ಡಿನಲ್ಲೂ ಅದನ್ನು ಹುಡುಕೋಣ.

ದಿನಕ್ಕೆ ಒಂದೇ ಪದ ಸಾಕು. ತಿಂಗಳಿಗೆ ಮೂವತ್ತು ಆಯ್ತು!

ಒಂದು ಎಚ್ಚರಿಕೆ. ಹಾಡಿನಲ್ಲಿ ಪದವನ್ನು ಎಳೆಯುತ್ತಾರೆ, ಮುರಿಯುತ್ತಾರೆ. ಬರೀ ರಾಗ ಬಂದರೆ ಪದ ಬಂದಂತಲ್ಲ, ಅರ್ಥವೂ ಬರಬೇಕು. ಮಾತ್ರೆಯ ವಿಷಯದಲ್ಲಂತೂ ಊಹೆ ಬೇಡವೇ ಬೇಡ. "ಕನ್ನಡದಲ್ಲಿ ಹೇಳಿ, ಬರೆದುಕೊಡಿ" ಅಂತ ಕೇಳೋಣ. ಈಗ ನಮಗೆ ಓದಲು ಬರುತ್ತದಲ್ಲ!

ಮಾಡಿ ನೋಡಿ: ಇವತ್ತು ಕೇಳಿದ ಹಾಡಿನ ಒಂದು ಇಂಗ್ಲಿಷ್ ಪದ ಬರೆಯಿರಿ. ಅದರ ಅರ್ಥವನ್ನು ಪಕ್ಕದವರಿಗೆ ಹೇಳಿ.