ಎಳೆಯರಿಗೆ ಕಡಲಿನ ಪಾಠ

ಜೂನ್ ತಿಂಗಳು ಕಾಲಿಡುತ್ತಿದ್ದಂತೆ ನಮ್ಮ ಕರಾವಳಿಯ ಊರುಗಳಲ್ಲಿ ಎರಡು ಸಂಗತಿಗಳು ಹೆಚ್ಚುಕಡಿಮೆ ಜೊತೆಜೊತೆಯಾಗಿಯೇ ಘಟಿಸುತ್ತವೆ. ಬೇಸಗೆಯ ರಜೆ ಕಳೆದು ಶಾಲೆಗಳು ಆರಂಭವಾಗಿರುತ್ತವೆ. ಯಾಂತ್ರಿಕ ಮೀನುಗಾರಿಕೆಗೆ ಸರ್ಕಾರ ವಿಧಿಸಿರುವ 61 ದಿನಗಳ ನಿಷೇಧ ಜಾರಿಗೆ ಬಂದು, ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರಗಳ ಬಂದರುಗಳಲ್ಲಿ ಬೋಟುಗಳು ಒತ್ತೊತ್ತಾಗಿ ಲಂಗರು ಹಾಕಿರುತ್ತವೆ. ದಿನಗಟ್ಟಲೆ ಕಡಲ ಮೇಲೆಯೇ ಇರುತ್ತಿದ್ದ ತಂದೆ ಈಗ ಜಗಲಿಯಲ್ಲಿ ಕುಳಿತು ಬಲೆಯ ಹರಕನ್ನು ಸರಿಪಡಿಸುತ್ತಿರುವುದನ್ನು ಕಂಡ ಮೂರನೆಯ ತರಗತಿಯ ಹುಡುಗಿ, ಬೋಟು ಏಕೆ ಹೊರಡಲಿಲ್ಲವೆಂದು ಶಾಲೆಯಲ್ಲಿ ಕೇಳಿದಳೆಂದರೆ, ಆ ಒಂದು ಪ್ರಶ್ನೆಗೆ ಸಲ್ಲಬೇಕಾದ ಉತ್ತರದಲ್ಲಿ ಕಡಲ ಪಾಠದ ಬಹುಭಾಗ ಅಡಗಿದೆ.

ನೈಋತ್ಯ ಮಾರುತ ಬೀಸತೊಡಗಿದಾಗ ತೀರದ ಮೇಲ್ಪದರದ ನೀರು ದೂರಕ್ಕೆ ತಳ್ಳಲ್ಪಟ್ಟು, ಅದರ ಸ್ಥಾನವನ್ನು ತುಂಬಲು ಆಳದ ತಣ್ಣನೆಯ, ಪೋಷಕಾಂಶಗಳಿಂದ ಸಮೃದ್ಧವಾದ ನೀರು ಮೇಲೇರಿ ಬರುತ್ತದೆ. ಆ ಸಾರವನ್ನು ಹೀರಿ, ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ತೇಲುಸಸ್ಯಗಳು ಅಪರಿಮಿತವಾಗಿ ವೃದ್ಧಿಹೊಂದುತ್ತವೆ; ಅವನ್ನು ತಿಂದು ಭೂತಾಯಿ ಮೀನು ಕೊಬ್ಬುತ್ತದೆ; ಇದೇ ಕಾಲದಲ್ಲಿ ಅದು ಮೊಟ್ಟೆಯಿಡುತ್ತದೆ. ಆದ್ದರಿಂದ ಈ ನಿಷೇಧವು ಬಿರುಗಾಳಿಯಿಂದ ಮೀನುಗಾರನನ್ನು ಕಾಯುವಂತೆಯೇ ಮೀನಿನ ಸಂತತಿಯನ್ನೂ ಕಾಯುತ್ತದೆ. ಇಷ್ಟನ್ನು ಹೇಳಲು ಪ್ರಯೋಗಶಾಲೆ ಬೇಡ. ಆ ಹುಡುಗಿಯ ತಂದೆಯನ್ನೇ ಒಂದು ಮಧ್ಯಾಹ್ನ ತರಗತಿಗೆ ಕರೆದು, ಗೌರವದಿಂದ ಕುರ್ಚಿ ಕೊಟ್ಟು ಕುಳ್ಳಿರಿಸಿ, ಗಾಳಿಯ ದಿಕ್ಕು, ನೀರಿನ ಬಣ್ಣ, ಮೀನಿನ ಹಿಂಡು ಇವುಗಳನ್ನು ಅವನು ಹೇಗೆ ಗುರುತಿಸುತ್ತಾನೆಂಬುದನ್ನು ಮಕ್ಕಳೇ ಕೇಳಿ ತಿಳಿಯುವಂತೆ ಮಾಡಿದರೆ ಸಾಕು. ಮೊಗವೀರರೂ ಖಾರ್ವಿಗಳೂ ಅಂಬಿಗರೂ ತಲೆಮಾರುಗಳಿಂದ ಗಳಿಸಿದ ಈ ತಿಳಿವಳಿಕೆಗೆ ನಮ್ಮ ಶಾಲೆಗಳಲ್ಲಿ ಇನ್ನೂ ತಕ್ಕ ಸ್ಥಾನ ದೊರೆತಿಲ್ಲವೆಂಬುದು ನನಗೆ ನಿಜವಾಗಿಯೂ ನೋವಿನ ವಿಷಯ.

ಪರಿಸರವನ್ನು ಕಡ್ಡಾಯವಾಗಿ ಬೋಧಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 1991ರಲ್ಲಿಯೇ ನಿರ್ದೇಶಿಸಿತು. ಪರಿಸರ ಅಧ್ಯಯನವೆಂಬ ಪಠ್ಯವೂ ಇದೆ. ಜೂನ್ 8ರ ವಿಶ್ವ ಸಾಗರ ದಿನದಂದು ಅಲ್ಲಲ್ಲಿ ಚಿತ್ರಸ್ಪರ್ಧೆಗಳು ನಡೆಯುವುದೂ ಉಂಟು. ಆದರೆ ಆ ಚಿತ್ರಗಳಲ್ಲಿ ಮಕ್ಕಳು ಎಂದೂ ಕಾಣದ ತಿಮಿಂಗಿಲವಿರುತ್ತದೆ, ಪ್ಲಾಸ್ಟಿಕ್ಕಿನಿಂದ ಉಸಿರು ಕಟ್ಟಿದ ಆಮೆಯಿರುತ್ತದೆ. ನಿತ್ಯವೂ ತಟ್ಟೆಗೆ ಬರುವ ಬಂಗುಡೆ ಇರುವುದಿಲ್ಲ. ಅಮೆರಿಕದ ಶಿಕ್ಷಣತಜ್ಞ ಡೇವಿಡ್ ಸೋಬೆಲ್, ಪ್ರಕೃತಿಯೊಡನೆ ಸಖ್ಯ ಬೆಳೆಯುವ ಮುನ್ನವೇ ಅದರ ವಿನಾಶದ ವಾರ್ತೆಯನ್ನು ಎಳೆಯ ಮನಸ್ಸಿನ ಮೇಲೆ ಹೇರಿದರೆ ಮಗು ಪ್ರಕೃತಿಯಿಂದಲೇ ವಿಮುಖವಾಗುತ್ತದೆಂದು ಬಹುಕಾಲದಿಂದ ಪ್ರತಿಪಾದಿಸುತ್ತ ಬಂದಿದ್ದಾರೆ. ಎಂಟು ವರ್ಷದ ಮಗುವಿಗೆ ಮೊದಲು ಪರಿಚಯವಾಗಬೇಕು, ಅನಂತರ ಪ್ರೀತಿ. ಭೀತಿಯನ್ನು ಬಿತ್ತಿ ಸಂರಕ್ಷಣೆಯ ಫಲವನ್ನು ಅಪೇಕ್ಷಿಸುವುದು ಯುಕ್ತವಲ್ಲವೆಂದೇ ನನ್ನ ದೃಢವಾದ ಅಭಿಪ್ರಾಯ.

ಪರಿಚಯಕ್ಕೆ ದೂರ ಹೋಗಬೇಕಾಗಿಲ್ಲ. ಕಡಲು ಇಳಿದ ಹೊತ್ತಿನಲ್ಲಿ ಬಂಡೆಗಳ ನಡುವಣ ಕುಳಿಯೊಂದರ ಬಳಿ ಮಕ್ಕಳನ್ನು ಕುಕ್ಕುರುಗಾಲಿನಲ್ಲಿ ಕೂರಿಸಿ, ಸದ್ದುಮಾಡದೆ ನೋಡಿರೆಂದು ಹೇಳಿದರೆ, ಸ್ವಲ್ಪ ಹೊತ್ತಿನಲ್ಲಿಯೇ ಸತ್ತ ಶಂಖವೆಂದು ತೋರಿದ್ದು ಅಲುಗುತ್ತದೆ, ಅದರ ಬಾಯಿಯಿಂದ ಮೊದಲು ಎರಡು ಮೀಸೆಗಳೂ ಆಮೇಲೆ ಕೆಂಬಣ್ಣದ ಕಾಲುಗಳೂ ಹೊರಚಾಚಿಕೊಳ್ಳುತ್ತವೆ. ಇದು ಶಂಖದ ಹುಳುವಲ್ಲ, ಅಲ್ಲಿ ಬಿಡಾರ ಹೂಡಿರುವ ಏಡಿ. ಮುಂಭಾಗಕ್ಕೆ ಕವಚವಿದ್ದರೂ ಹೊಟ್ಟೆಯ ಭಾಗ ಮೃದುವಾಗಿರುವುದರಿಂದ, ಬೇರೊಂದು ಜೀವಿ ಬಿಟ್ಟುಹೋದ ಚಿಪ್ಪಿನಲ್ಲಿ ಅದನ್ನು ಅಡಗಿಸಿಕೊಳ್ಳದೆ ಈ ಏಡಿಗೆ ಗತಿಯಿಲ್ಲ. ಬೆಳೆದಂತೆಲ್ಲ ಮತ್ತಷ್ಟು ದೊಡ್ಡ ಚಿಪ್ಪನ್ನು ಅರಸಿ ಮನೆ ಬದಲಾಯಿಸಲೇಬೇಕು. ಇದನ್ನು ಕಣ್ಣಾರೆ ಕಂಡ ಮಗುವಿಗೆ, ಜೇಬಿನಲ್ಲಿ ತುಂಬಿಕೊಂಡ ಖಾಲಿ ಶಂಖಗಳನ್ನು ಮರಳಿ ಮರಳಿಗೆ ಹಾಕೆಂದು ಯಾರೂ ಗದರಿಸಬೇಕಾಗುವುದಿಲ್ಲ.

ಕಡಲಾಮೆಯ ಪಾಠವೂ ಹಾಗೆಯೇ. ಹೊನ್ನಾವರದ ಕಾಸರಕೋಡು ಟೊಂಕ, ಕುಂದಾಪುರದ ಕೋಡಿ ಮುಂತಾದ ಕಡೆಗಳಲ್ಲಿ ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಜಾತಿಯ ಆಮೆ ದಡವೇರಿ, ಹಿಂಗಾಲುಗಳಿಂದ ಗುಂಡಿ ತೋಡಿ, ಪಿಂಗ್‌ಪಾಂಗ್ ಚೆಂಡಿನಂತಹ ಸುಮಾರು ನೂರು ಮೊಟ್ಟೆಗಳನ್ನಿಟ್ಟು, ಮರಳು ಮುಚ್ಚಿ ಹಿಂದಿರುಗಿ ಹೋಗುತ್ತದೆ. ಮರಿ ಗಂಡಾಗುವುದೋ ಹೆಣ್ಣಾಗುವುದೋ ಎಂಬುದು ಮರಳಿನ ಶಾಖವನ್ನು ಅವಲಂಬಿಸಿದೆ, ಶಾಖ ಹೆಚ್ಚಿದಂತೆ ಹೆಣ್ಣುಗಳು ಹೆಚ್ಚುತ್ತವೆ ಎಂದರೆ ಮಕ್ಕಳು ಬೆರಗಾಗುತ್ತಾರೆ. ಸುಮಾರು ಐವತ್ತು ದಿನಗಳ ಮೇಲೆ ಹೊರಬರುವ ಮರಿಗಳು ಬೆಳಕು ಹೆಚ್ಚಾಗಿ ತೋರುವ ಕಡಲಿನ ಕಡೆಗೆ ಓಡುವ ಸ್ವಭಾವದವು. ತೀರದಲ್ಲಿ ವಿದ್ಯುದ್ದೀಪಗಳು ಉರಿಯುತ್ತಿದ್ದರೆ ದಿಕ್ಕುತಪ್ಪಿ ರಸ್ತೆಯ ಕಡೆಗೆ ತೆವಳಿ ಸಾಯುತ್ತವೆ. ಮೊಟ್ಟೆಯಿಟ್ಟ ಗುಂಡಿಗೆ ಅರಣ್ಯ ಇಲಾಖೆಯವರು ಬೇಲಿ ಹಾಕಿದಾಗ ಅದನ್ನು ಮಕ್ಕಳಿಗೆ ದೂರದಿಂದ ತೋರಿಸಿ, ದಿನಗಳನ್ನು ಎಣಿಸುವ ಕೆಲಸವನ್ನು ಅವರಿಗೇ ಒಪ್ಪಿಸಬಹುದು.

ಇನ್ನೊಂದು ಪಾಠಕ್ಕೆ ಚೀಲದಲ್ಲಿರುವ 15 ಸೆಂಟಿಮೀಟರಿನ ಅಳತೆಪಟ್ಟಿಯೇ ಸಾಕು. ಮರಿಮೀನುಗಳನ್ನು ಬಾಚುವುದನ್ನು ತಡೆಯಲು ನೆರೆಯ ಕೇರಳ 2015ರಲ್ಲಿ ಭೂತಾಯಿಗೆ 10, ಬಂಗುಡೆಗೆ 14 ಸೆಂಟಿಮೀಟರಿನ ಕನಿಷ್ಠ ಉದ್ದವನ್ನು ಗೊತ್ತುಪಡಿಸಿತು. ತಾಯಿ ಪೇಟೆಯಿಂದ ತಂದ ಮೀನನ್ನು ಮೂತಿಯಿಂದ ಬಾಲದ ತುದಿಯವರೆಗೆ ಅಳೆದು ಪುಸ್ತಕದಲ್ಲಿ ಬರೆದುಕೊಳ್ಳುವ ಮಗು, ಗಣಿತವನ್ನೂ ಕಲಿಯುತ್ತದೆ, ಆ ಮೀನು ಒಮ್ಮೆಯಾದರೂ ಮೊಟ್ಟೆಯಿಟ್ಟಿತ್ತೆ ಎಂದು ಕೇಳುವುದನ್ನೂ ಕಲಿಯುತ್ತದೆ.

ಕಡಲನ್ನು ಕಾಣದ ಬಯಲುಸೀಮೆಯ ಮಕ್ಕಳಿಗೆ ಇದರಿಂದೇನು ಎನ್ನುವವರಿದ್ದಾರೆ. ಆಗುಂಬೆಯ ಪಡುವಣ ಇಳಿಜಾರಿಗೆ ಬಿದ್ದ ಮಳೆ ಸೀತಾನದಿಯಾಗಿ ಅರಬ್ಬೀ ಸಮುದ್ರಕ್ಕೂ, ಮೂಡಣಕ್ಕೆ ಬಿದ್ದದ್ದು ತುಂಗೆಯಾಗಿ ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಗೂ ಸೇರುತ್ತದೆ. ರಾಯಚೂರಿನ ಹುಡುಗ ಹಳ್ಳಕ್ಕೆ ಎಸೆದ ಪ್ಲಾಸ್ಟಿಕ್ಕಿನ ಚೂರು ಹೋಗಬಹುದಾದ ದಾರಿಯೂ ಅದೇ. ನಕ್ಷೆಯ ಮೇಲೆ ಆ ದಾರಿಯನ್ನು ಬೆರಳಿನಿಂದ ಎಳೆಸಬೇಕು. ಡಿಸೆಂಬರ್, ಜನವರಿಗಳಲ್ಲಿ ಆ ಶಾಲೆಗಳ ಪ್ರವಾಸದ ಬಸ್ಸುಗಳು ಮುರುಡೇಶ್ವರಕ್ಕೂ ಮಲ್ಪೆಗೂ ಬಂದೇ ಬರುತ್ತವೆ. ಮಕ್ಕಳು ನೀರಾಟವಾಡಿ, ಚುರುಮುರಿ ತಿಂದು, ಬಸ್ಸು ಹತ್ತುತ್ತಾರೆ. ಉಬ್ಬರವಿಳಿತಗಳು ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ, ಉಪಾಧ್ಯಾಯರು ಹೊರಡುವ ಮುನ್ನ ಅಂದಿನ ಇಳಿತದ ವೇಳೆಯನ್ನು ಕೇಳಿಕೊಂಡು, ಆ ಒಂದು ಗಂಟೆಯನ್ನು ಬಂಡೆಗಳ ಬಳಿ ಕಳೆಯಲು ಮೀಸಲಿಡಬೇಕು. ವೇಳೆಯನ್ನು ಅಲ್ಲಿನ ಯಾವ ಮೀನುಗಾರನಾದರೂ ಹೇಳಬಲ್ಲನು.