ಗೀರು ಕಂಡ ಕೂಡಲೇ ಬೋರ್ ಹೊಡೆಸಬೇಕೇ?

ಹಳೆ ಯೆಜ್ಡಿಯ ಎಂಜಿನ್ ಬಿಚ್ಚಿ, ಸಿಲಿಂಡರಿನ ಒಳಗೋಡೆಯಲ್ಲಿ ನಾಲ್ಕು ಗೀರು ಕಂಡರೆ ಸಾಕು, ‘ಬೋರ್ ಹೊಡೆಸಿಬಿಡಿ’ ಎನ್ನುತ್ತಾರೆ. ಈಗಿನ ಬೈಕಿಗಾದರೆ ಸರಿ, ಬ್ಲಾಕ್ ಹಾಳಾದರೆ ಇನ್ನೊಂದು ಸಿಗುತ್ತದೆ. ಯೆಜ್ಡಿಯ ಕಥೆ ಬೇರೆ. 1961ರಲ್ಲಿ ಮೈಸೂರಿನಲ್ಲಿ ಜಾವಾ ತಯಾರಿಸಲು ಶುರುಮಾಡಿದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಈಗ ಅದೇ ಹೆಸರಲ್ಲಿ ಬರುತ್ತಿರುವ ಬೈಕುಗಳು ಫೋರ್ ಸ್ಟ್ರೋಕ್. ಅವುಗಳ ಬ್ಲಾಕ್ ಇದಕ್ಕೆ ಕೂರುವುದಿಲ್ಲ.

ಬೋರ್ ಹೊಡೆಸುವುದೆಂದರೆ ಕಬ್ಬಿಣ ಕೊರೆದು ತೆಗೆಯುವುದು. 250 ಸಿಸಿ ಯೆಜ್ಡಿಯ ಮೂಲ ಬೋರ್ 65 ಮಿ.ಮೀ. ಪ್ರತಿ ಸಲ ಸಾಮಾನ್ಯವಾಗಿ 0.25 ಮಿ.ಮೀ. ಹಿಗ್ಗಿಸಿ ದಪ್ಪ ಪಿಸ್ಟನ್ ಹಾಕುತ್ತಾರೆ. ನಾಲ್ಕು ಸಲಕ್ಕೆ ಹೆಚ್ಚುಕಡಿಮೆ ಅದರ ಆಯುಷ್ಯ ಮುಗಿಯಿತು. ಜಂಗಮಕೋಟೆಯ ನಮ್ಮ ಮನೆಯಲ್ಲಿ, ತಾತ ರೇಷ್ಮೆಗೂಡಿನ ಚೀಲ ಕಟ್ಟಿಕೊಂಡು ಶಿಡ್ಲಘಟ್ಟ ಮಾರುಕಟ್ಟೆಗೆ ಹೋಗುತ್ತಿದ್ದ ಗಾಡಿ ಇದೆ. ಅದರ ಪಿಸ್ಟನ್ ತಲೆಯ ಮಸಿ ಕೆರೆದಾಗ ‘75’ ಎಂಬ ಅಂಕೆ ಕಂಡಿತು. ಅಂದರೆ ಮೂರು ಸಲ ಹಿಗ್ಗಿಸಿಯಾಗಿದೆ, ಉಳಿದಿರುವುದು ಒಂದೇ.

ಹಾಗಾಗಿ ಮೊದಲು ಉಗುರಿನ ಪರೀಕ್ಷೆ. ಗೀರಿಗೆ ಅಡ್ಡವಾಗಿ ಉಗುರು ಎಳೆಯಿರಿ. ಸಿಕ್ಕಿಕೊಂಡರೆ ಆಳವಿದೆ ಎಂದರ್ಥ. ಜಾರಿಕೊಂಡು ಹೋದರೆ ಉಳಿಸಬಹುದು. ಎಷ್ಟೋ ಸಲ ಅದು ಗೀರೇ ಅಲ್ಲ. ಎಂಜಿನ್ ಬಿಸಿಯಾಗಿ ಸೀಜ್ ಆದಾಗ ಪಿಸ್ಟನ್ನಿನ ಅಲ್ಯೂಮಿನಿಯಂ ಗೋಡೆಗೆ ಅಂಟಿರುತ್ತದೆ. ಹೆಚ್ಚಾಗಿ ಸೈಲೆನ್ಸರ್ ಕಡೆಯ ಕಿಂಡಿಯ ಬಳಿ, ಏಕೆಂದರೆ ಕಾವು ಜಾಸ್ತಿ ಇರುವುದು ಅಲ್ಲೇ. ಕಾಸ್ಟಿಕ್ ಸೋಡಾ ದ್ರಾವಣವನ್ನು ಹತ್ತಿಯಲ್ಲಿ ಅದ್ದಿ ಅಲ್ಲಿಗಷ್ಟೇ ಒತ್ತಿದರೆ ಅಲ್ಯೂಮಿನಿಯಂ ನೊರೆಯೆದ್ದು ಕರಗುತ್ತದೆ, ಕಬ್ಬಿಣಕ್ಕೆ ಏನೂ ಆಗುವುದಿಲ್ಲ. ಕೈಗವಸು, ಕನ್ನಡಕ ಬೇಕೇಬೇಕು. ಹೊರಡುವ ಹೈಡ್ರೋಜನ್ ಹೊತ್ತಿಕೊಳ್ಳುವ ಅನಿಲ, ಆದ್ದರಿಂದ ಬಯಲಲ್ಲೇ ಮಾಡಿ, ಹತ್ತಿರ ಬೆಂಕಿ ಬೇಡ. ಕೊನೆಗೆ ಚೆನ್ನಾಗಿ ತೊಳೆದು ತಕ್ಷಣ ಎಣ್ಣೆ ಸವರಿ, ಇಲ್ಲದಿದ್ದರೆ ತುಕ್ಕು.

ಆಮೇಲೆ ಅಳತೆ. ಇದಕ್ಕೊಂದು ಬಡವರ ಉಪಾಯವಿದೆ. ಹೊಸ ರಿಂಗನ್ನು ಸಿಲಿಂಡರಿನ ಮೇಲ್ಭಾಗದಲ್ಲಿ ನೇರವಾಗಿ ಕೂರಿಸಿ, ಅದರ ಬಾಯಿಯ ಸಂದನ್ನು ಫೀಲರ್ ಗೇಜಿನಿಂದ ಅಳೆಯಿರಿ. ಕೆಳಗೆ, ಕಿಂಡಿಗಳಿಲ್ಲದ ಕಡೆ ಇನ್ನೊಮ್ಮೆ ಅಳೆಯಿರಿ. ಎರಡರ ವ್ಯತ್ಯಾಸವನ್ನು 3.14ರಿಂದ ಭಾಗಿಸಿದರೆ ಬೋರ್ ಎಷ್ಟು ಸವೆದಿದೆ ಎಂದು ಗೊತ್ತಾಗುತ್ತದೆ. ಹೈಸ್ಕೂಲಿನ ವೃತ್ತದ ಪಾಠವೇ! ನಮ್ಮದರಲ್ಲಿ ಮೇಲೆ 0.40, ಕೆಳಗೆ 0.28 ಮಿ.ಮೀ. ಬಂತು. ಸವೆತ 0.04 ಮಿ.ಮೀ.ಗೂ ಕಡಿಮೆ. ಆದರೆ ಬೋರ್ ಮೊಟ್ಟೆಯಾಕಾರಕ್ಕೆ ತಿರುಗಿದೆಯೇ ಎಂಬುದನ್ನು ರಿಂಗು ಹೇಳದು, ಅದಕ್ಕೆ ಬೋರ್ ಗೇಜೇ ಬೇಕು. ಐಟಿಐ, ಡಿಪ್ಲೊಮಾ ಓದುವವರು ನಿಮ್ಮ ಲ್ಯಾಬಿನಲ್ಲಿ ಕೇಳಿ ನೋಡಿ. ಅದನ್ನು ಸರಿಯಾಗಿ ಹಿಡಿದು ಓದಬಲ್ಲವನಿಗೆ ಹಳೆ ಬೈಕುಗಳ ಗ್ಯಾರೇಜಿನಲ್ಲಿ ಕೆಲಸ ಸಿಗುವುದು ಕಷ್ಟವಲ್ಲ ಎಂದೇ ನನ್ನ ನಂಬಿಕೆ.

ಸವೆತ ಕಡಿಮೆಯಿದ್ದರೆ ಹೋನಿಂಗ್ ಸಾಕು. ಗುಂಡು ಗುಂಡಾಗಿರುವ ಬ್ರಷ್ ಮಾದರಿಯ ಹೋನ್ ಒಳ್ಳೆಯದು. ಮೂರು ಕಲ್ಲಿನದು ಟು ಸ್ಟ್ರೋಕಿನ ಕಿಂಡಿಗಳಿಗೆ ಸಿಕ್ಕಿಕೊಳ್ಳುತ್ತದೆ. ಗೋಡೆಯ ಮೇಲೆ ಓರೆ ಗೆರೆಗಳು ಒಂದರ ಮೇಲೊಂದು ಹಾಯ್ದಂತೆ ಮೂಡಬೇಕು, ಎಣ್ಣೆ ನಿಲ್ಲುವುದು ಅವುಗಳಲ್ಲೇ.

ಸೀಜ್ ಆದದ್ದು ಯಾಕೆ ಎಂದು ಹುಡುಕದೆ ಜೋಡಿಸಿದರೆ ಅಷ್ಟೂ ದಂಡ. ಪೆಟ್ರೋಲಿಗೆ ಆಯಿಲ್ ಕಡಿಮೆ ಬೆರೆಸಿದ್ದೋ, ಕಾರ್ಬ್ಯುರೇಟರ್ ಜೆಟ್ ಕಟ್ಟಿದ್ದೋ, ಕ್ರ್ಯಾಂಕಿನ ಸೀಲ್ ಹೋಗಿ ಗಾಳಿ ಎಳೆಯುತ್ತಿದೆಯೋ ನೋಡಬೇಕು. ತಾತನ ಗಾಡಿಯಲ್ಲಿ ಸೀಲ್ ಗಟ್ಟಿಯಾಗಿ ಬಿರುಕುಬಿಟ್ಟಿತ್ತು. ಸೀಲು, ರಿಂಗು ಹೊಸದು ಹಾಕಿದೆವು, ಪಿಸ್ಟನ್ ಅದೇ ‘75’.